ಬಂದವರು ಐದು ಜನ

ಸಭೆಯ ಪುಸ್ತಕದಲ್ಲಿ ಅತ್ತಿಗೆಯ ವಿಷಯದ ಮುಂದೆ ನಾನು ‘ಯಾರೂ ಬರಲಿಲ್ಲ, ಮುಗಿದಿದೆ’ ಎಂದು ಬರೆದೆ. ಐದು ಜನ ಬಂದಿದ್ದೆವು.

ನಮ್ಮದು ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆದು ಕೊಡುವ ಕಾರ್ಖಾನೆ. ಒಗೆಯುವವರು, ಹಿಂಡುವವರು, ಇಸ್ತ್ರಿಯ ಬಿಸಿ ರೋಲರಿಗೆ ಬಟ್ಟೆ ಕೊಡುವವರು, ಮಡಚುವವರು, ಎಲ್ಲ ಸೇರಿ ಮೂವತ್ತೆಂಟು ಮಂದಿ. ನಾನು ಮಡಚುವವಳು. ಅಣ್ಣನ ಹೆಂಡತಿ ರೋಲರಿನ ಮುಂದೆ. ತಿಂಗಳಿಗೊಮ್ಮೆ ಶನಿವಾರ ಮಧ್ಯಾಹ್ನ ಊಟದ ಕೋಣೆಯಲ್ಲಿ ನಮ್ಮ ಸಭೆ. ಮೊದಲು ಅಲ್ಲೊಬ್ಬ ಅಧ್ಯಕ್ಷನಿದ್ದ, ಅವನಿಗೊಂದು ಕೈಯಿರುವ ಕುರ್ಚಿಯಿತ್ತು, ಮಾತೆಲ್ಲ ಅವನದೇ. ಆ ಕುರ್ಚಿಯನ್ನು ಹೊರಗೆ ಹಾಕಿಸಿದವಳು ನಾನು. ಓದುವ ಬಳಗದಲ್ಲಿ ಕಲಿತದ್ದನ್ನು ಹೊತ್ತು ತಂದು ಹೇಳಿದೆ: ಅಧ್ಯಕ್ಷ ಬೇಡ. ಯಾರಿಗೆ ಏನು ಸುಡುತ್ತಿದೆಯೋ ಅದನ್ನು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಲಿ, ಒಂದು ಮೂಲೆ ಹಿಡಿದು ಕೂರಲಿ. ಬೇಕಾದವರು ಹೋಗಿ ಸೇರಲಿ. ತನ್ನಿಂದ ಅಲ್ಲಿ ಉಪಯೋಗವಿಲ್ಲ ಅನಿಸಿದವರು ಎದ್ದು ಬೇರೆ ಮೂಲೆಗೆ ಹೋಗಲಿ, ಯಾಕೆಂದು ಯಾರೂ ಕೇಳಕೂಡದು. ಕೊನೆಗೆ ಯಾವ ಮೂಲೆಯಲ್ಲಿ ಜನ ಉಳಿಯುವುದಿಲ್ಲವೋ ಆ ವಿಷಯ ಮುಗಿದಂತೆ.

“ಒಟ್ಟಲ್ಲಿ ಕಾಲಿಗೆ ಬುದ್ಧಿ ಹೇಳೋ ಸಭೆ ಅನ್ನು,” ಎಂದ ಒಗೆಯುವ ವಿಭಾಗದ ರೇಡಿಯೋ. ಅವನ ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ, ಹಾಗಾಗಿ ಆ ಹೆಸರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಎರಡು ವರ್ಷ ಸಭೆ ಚೆನ್ನಾಗಿ ನಡೆಯಿತು. ಎಂದೂ ತುಟಿ ಬಿಚ್ಚದವರು ಬಾಯಿ ತೆರೆದರು. ನನಗೆ ಒಳಗೊಳಗೇ ಜಂಬ.

ಆ ಶನಿವಾರ ಅತ್ತಿಗೆ ‘ರೋಲರಿನ ತಡೆಪಟ್ಟಿ’ ಎಂದು ಬರೆದು ಅಂಟಿಸಿದಳು. ರೋಲರಿನ ಬಾಯಿಗೆ ಅಡ್ಡವಾಗಿ ಒಂದು ಕಬ್ಬಿಣದ ಪಟ್ಟಿ ಇರುತ್ತದೆ. ಬೆರಳು ತಾಗಿದರೆ ರೋಲರು ನಿಲ್ಲುತ್ತದೆ. ಬಟ್ಟೆಯ ದಪ್ಪ ಅಂಚು ತಾಗಿದರೂ ನಿಲ್ಲುತ್ತದೆ, ಮತ್ತೆ ಹೊರಡಿಸಲು ನಾಲ್ಕು ನಿಮಿಷ. ಆಫೀಸಿನವರು ಗಂಟೆಗೆ ಇಷ್ಟು ಬಟ್ಟೆ ಎಂಬ ಲೆಕ್ಕ ಏರಿಸಿದರು. ಪಟ್ಟಿ ಕಟ್ಟಿಹಾಕಿ ಎಂದು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟು ದಡ್ಡರಲ್ಲ. ಹರಕು ಬಟ್ಟೆಯಿಂದ ಅದನ್ನು ಹಿಂದಕ್ಕೆ ಎಳೆದು ಕಟ್ಟಿದವರು ನಾವು.

ಅತ್ತಿಗೆಯ ಮೂಲೆಗೆ ರೇಡಿಯೋ ಬಂದ, ಹಿಂಡುವವರಿಬ್ಬರು ಬಂದರು, ರೋಲರಿನಲ್ಲಿ ಅವಳ ಜೊತೆಗಾತಿ ಬಂದಳು, ನಾನು ಬಂದೆ.

“ಕಟ್ಟು ಬಿಚ್ಚೋಣ,” ಎಂದಳು ಅತ್ತಿಗೆ. “ಲೆಕ್ಕ ಇಳಿದ್ರೆ ಇಳೀಲಿ. ನಾನೊಬ್ಳೇ ಬಿಚ್ಚಿದ್ರೆ ನಾನು ಸೋಮಾರಿ ಆಗ್ತೀನಿ. ಎಲ್ಲ ಪಾಳಿಯವರೂ ಒಂದೇ ದಿನ ಬಿಚ್ಚಬೇಕು. ಹೂಂ ಅನ್ನಿ, ಸಾಕು.”

ಯಾರೂ ಹೂಂ ಅನ್ನಲಿಲ್ಲ. ಪಕ್ಕದ ಮೂಲೆಯಲ್ಲಿ ವಾರದ ರಜೆ ಯಾರಿಗೆ ಯಾವ ದಿನ ಎಂಬ ಮಾತು ನಡೆದಿತ್ತು, ಒಂದೇ ಸಮನೆ ನಗು. ರೇಡಿಯೋ ಸೊಂಟ ಹಿಡಿದುಕೊಂಡು ಎದ್ದ. “ಇಲ್ಲಿ ನನ್ನಿಂದೇನೂ ಉಪಯೋಗ ಕಾಣ್ತಿಲ್ಲಪ್ಪ.” ಹಿಂಡುವವರಿಬ್ಬರೂ ಅವನ ಹಿಂದೆ. ಜೊತೆಗಾತಿ ಚಪ್ಪಲಿ ಹುಡುಕುವವಳಂತೆ ತಲೆ ತಗ್ಗಿಸಿಯೇ ಜಾರಿಕೊಂಡಳು.

“ನೀನೂ ಹೊರಟ್ಯಾ?” ಎಂದಳು ಅತ್ತಿಗೆ.

“ಒಂದ್ನಿಮಿಷ, ಬಂದೆ ಅತ್ತಿಗೆ.”

ಬರಲಿಲ್ಲ. ಅಲ್ಲಿ ಕೂತಿದ್ದರೆ ಹೂಂ ಅನ್ನಬೇಕಾಗುತ್ತಿತ್ತು. ರಜೆಯ ಮೂಲೆಯಲ್ಲಿ ನಿಂತು, ಗೋಡೆ ನೋಡುತ್ತ ಒಬ್ಬಳೇ ಕೂತಿದ್ದವಳ ಬೆನ್ನನ್ನು ಎರಡು ಸಲ ನೋಡಿದೆ. ಆಮೇಲೆ ಆ ಕಡೆ ನೋಡದಂತೆ ತಿರುಗಿ ನಿಂತೆ. ಸಂಜೆ ಪುಸ್ತಕ ತುಂಬುವ ಕೆಲಸ ನನ್ನದು. ಬಂದು ಎದ್ದು ಹೋದವರ ಹೆಸರು ಬರೆಯಲು ಅದರಲ್ಲಿ ಜಾಗವೇ ಇರಲಿಲ್ಲ. ಬರೆದರೆ ಅವರ ಸ್ವಾತಂತ್ರ್ಯಕ್ಕೆ ಕುಂದು ಎಂದು ವಾದಿಸಿ ಜಾಗ ಬಿಡಿಸದೆ ಇದ್ದವಳೂ ನಾನೇ.

ಹನ್ನೊಂದನೆಯ ದಿನ ರೋಲರು ಅತ್ತಿಗೆಯ ಬಲಗೈಯ ಮೂರು ಬೆರಳು ತೆಗೆದುಕೊಂಡಿತು.

ಆಸ್ಪತ್ರೆಯಲ್ಲಿ ಅವಳು ಮಲಗಿದ್ದ ಹಾಸಿಗೆಯ ಬಟ್ಟೆಗೆ ನಮ್ಮ ಕಾರ್ಖಾನೆಯ ಮುದ್ರೆಯಿತ್ತು. “ಇದನ್ನ ಮಡಚಿದ್ದು ನೀನೇನಾ? ಗೆರೆ ಓರೆ ಬಂದಿದೆ ನೋಡು,” ಎಂದಳು. ನಗಲು ಹೋದೆ, ಆಗಲಿಲ್ಲ.

“ತಪ್ಪಾಯ್ತು ಅತ್ತಿಗೆ. ಎದ್ದು ಹೋಗಬಾರದಿತ್ತು.”

“ಎದ್ದು ಹೋಗೋದು ನಿನ್ನಿಷ್ಟ ಕಣೇ. ಹೆದರಿದ್ರಿ, ಹೋದ್ರಿ. ನಾನೂ ನಾಲ್ಕು ತಿಂಗಳು ಹೆದರಿಕೊಂಡೇ ಬಟ್ಟೆ ಕೊಟ್ಟೆ.” ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲೆ ಎತ್ತಿಟ್ಟುಕೊಂಡಳು. “ಪುಸ್ತಕ ನಾನೂ ಓದಿದೆ. ಯಾರೂ ಬರ್ಲಿಲ್ಲ ಅಂತ ಯಾಕೆ ಬರೆದೆ?”

ಎಷ್ಟು ಪುಸ್ತಕ ಓದಿದ್ದೆ ನಾನು, ಎಷ್ಟು ಜನಕ್ಕೆ ಓದಿ ಹೇಳಿದ್ದೆ.

ಮರುದಿನ ಬೆಳಿಗ್ಗೆ ಮ್ಯಾನೇಜರ್ ಕರೆದ. ಮೇಜಿನ ಮೇಲೆ ನಮ್ಮ ಪುಸ್ತಕ. “ಕೂತ್ಕೊಳ್ಳಮ್ಮ,” ಎಂದ. ಹಿಂದೆಂದೂ ಕೂರಿಸಿದವನಲ್ಲ. “ನಾಳೆ ಕಾರ್ಖಾನೆ ಇನ್ಸ್‌ಪೆಕ್ಟರ್ ಬರ್ತಾರೆ. ತಡೆಪಟ್ಟಿ ವಿಷಯ ನಿಮ್ಮ ಸಭೆಯಲ್ಲೇ ಬಂದಿತ್ತಂತೆ, ಯಾರಿಗೂ ಅದು ಬೇಕಾಗಿರಲಿಲ್ಲವಂತೆ. ನಿಮ್ಮದೇ ಅಕ್ಷರ. ಕೆಳಗೊಂದು ಸಹಿ ಹಾಕಿ ಸಂಜೆಯೊಳಗೆ ಕೊಡಿ, ಅಷ್ಟೇ.”

ಪುಸ್ತಕ ಎದೆಗವಚಿಕೊಂಡು ಊಟದ ಕೋಣೆಗೆ ಹೋದೆ. ನನ್ನ ಸಾಲಿನ ಮೇಲೆ ಗೆರೆ ಎಳೆದೆ. ಕೆಳಗೆ ಬರೆದೆ: ಬಂದವರು ಐದು ಜನ. ಮೊದಲು ನನ್ನ ಹೆಸರು, ಆಮೇಲೆ ನಾಲ್ವರದು. ಪಟ್ಟಿಯ ಕಟ್ಟು ಬಿಚ್ಚೋಣವೆಂದು ಅತ್ತಿಗೆ ಕೇಳಿದಳು, ನಾವು ಎದ್ದು ಹೋದೆವು. ಕಟ್ಟಿದವರು ನಾವು. ಕಟ್ಟದೆ ಮುಟ್ಟಲಾಗದ ಲೆಕ್ಕ ಹಾಕಿದವರು ಆಫೀಸಿನವರು, ಕಟ್ಟಿದ್ದನ್ನು ದಿನಾ ನೋಡಿಕೊಂಡು ಓಡಾಡಿದವರೂ ಅವರೇ.

ಊಟಕ್ಕೆ ಬಂದ ರೇಡಿಯೋ ಹೆಗಲ ಮೇಲಿಂದ ಬಗ್ಗಿ ಓದಿದ. ಅವನ ಕೈಯ ಡಬ್ಬಿ ಮೇಜಿಗೆ ತಾಗಿ ಸದ್ದಾಯಿತು.

“ಇದೇನಿದು ತಂಗಿ? ನನ್ನ ಹೆಸರು ಯಾಕೆ?”

“ಬಂದಿದ್ರಲ್ಲ.”

“ಎದ್ದು ಹೋದ್ನಲ್ಲ. ಹೋಗಬಹುದು ಅಂತ ನೀನೇ ತಾನೆ ಹೇಳಿದ್ದು? ಎದ್ದು ಹೋದವರನ್ನ ಯಾರೂ ಕೇಳೋ ಹಾಗಿಲ್ಲ ಅಂದೆ.”

“ಅಂದೆ. ಹೋಗೋ ಹಕ್ಕು ಇತ್ತು. ಬರಲೇ ಇಲ್ಲ ಅನ್ನೋ ಹಕ್ಕು ಇಲ್ಲ.”

ಹಿಂಡುವವರಿಬ್ಬರೂ ಬಂದು ನಿಂತರು. ಜೊತೆಗಾತಿ ಬಾಗಿಲಲ್ಲೇ ಉಳಿದಳು, ಸೆರಗು ಬಾಯಿಗೆ ಒತ್ತಿಕೊಂಡು.

“ಕೆಲಸ ಹೋಗುತ್ತೆ,” ಎಂದ ರೇಡಿಯೋ. ದನಿ ಇಷ್ಟು ಸಣ್ಣದಾಗಿದ್ದನ್ನು ನಾನು ಕೇಳಿಯೇ ಇರಲಿಲ್ಲ. “ಐವರದ್ದೂ ಹೋಗುತ್ತೆ. ಸಭೇನೂ ನಿಲ್ಲಿಸ್ತಾರೆ. ನಿಮ್ಮತ್ತಿಗೆ ಬೆರಳು ವಾಪಸ್ ಬರುತ್ತಾ? ಹಾಳೆ ಹರಿದು ಹಾಕು. ಬರೆದಿದ್ದನ್ನ ಯಾರೂ ನೋಡಿಲ್ಲ.”

“ನಾವು ನೋಡಿದೀವಿ.”

“ಹರಿ ತಂಗಿ. ದೊಡ್ಡವನು ಹೇಳ್ತಿದೀನಿ. ಹರಿ.”

ಹಾಳೆಯ ಮೇಲೆ ಅಂಗೈ ಅಗಲಿಸಿ ಇಟ್ಟೆ.

“ಹರಿಯಲ್ಲ, ಅಣ್ಣ.”