ಉಳಿಸಿಟ್ಟ ಮಾತ್ರೆ

"ನೀರು ಹದವಾಗೈತೆ ಅವ್ವ, ಕಾಲು ಚಾಚು," ಎಂದು ಹುಲಿಗೆಮ್ಮ ಬಚ್ಚಲ ಬಾಗಿಲಲ್ಲಿ ನಿಂತಳು. ಅವಳ ತೋಳಿನಲ್ಲಿದ್ದ ಒಂಬತ್ತು ದಿನದ ಕೂಸು ತರೀಕೆರೆಯ ಆಸ್ಪತ್ರೆಯಿಂದ ಬೆಳಿಗ್ಗೆಯಷ್ಟೇ ಅಜ್ಜಿಯ ಮನೆಗೆ ಬಂದಿತ್ತು.

ಮಣೆಯ ಮೇಲೆ ಕೂತಿದ್ದ ಅಂಜಿನಮ್ಮ ಸೀರೆ ಮೇಲೆತ್ತಲಿಲ್ಲ. ಅಜ್ಜಂಪುರದ ಆ ಕೇರಿಯ ಅರ್ಧಕ್ಕರ್ಧ ಮಕ್ಕಳನ್ನು ಕಾಲ ಮೇಲೆ ಮಲಗಿಸಿಕೊಂಡು ನೀರೆರೆದವಳು ಅವಳು. ಅವರ ಮೂಗೆಲ್ಲ ನೆಟ್ಟಗಿರುವುದು ತನ್ನ ಕೈಗುಣದಿಂದ ಎಂದು ಜಂಬ ಕೊಚ್ಚಿಕೊಂಡವಳು. ಈಗ ಅದೇ ಕಾಲುಗಳ ಮೇಲೆ ಮೊಣಕಾಲಿಂದ ಪಾದದವರೆಗೆ ಹುಳುಕಡ್ಡಿ ಉಂಗುರ ಉಂಗುರವಾಗಿ ಹಬ್ಬಿತ್ತು.

ಶುರುವಾಗಿದ್ದು ಎಂಬತ್ತೊಂದನೇ ಇಸವಿಯ ಮಳೆಗಾಲದಲ್ಲಿ. ಡಾಕ್ಟರು ಒಂದೂವರೆ ತಿಂಗಳಿಗೆ ಮಾತ್ರೆ ಬರೆದುಕೊಟ್ಟರು. ಹದಿನೈದೇ ದಿನಕ್ಕೆ ತುರಿಕೆ ನಿಂತಿತು. ನಿಂತ ಮೇಲೂ ನುಂಗುವುದು ಹೊಟ್ಟೆ ತುಂಬಿದ ಮೇಲೂ ಉಂಡಂತೆ ಎಂದುಕೊಂಡು, ಉಳಿದದ್ದನ್ನು ಅರಿಶಿನದ ಡಬ್ಬಿಯಲ್ಲಿ ಎತ್ತಿಟ್ಟಳು. ಮತ್ತೆ ತುರಿಸಿದಾಗ ನಾಲ್ಕು ನುಂಗಿದಳು, ಪಕ್ಕದ ಮನೆಯ ತೀರ್ಥಮ್ಮನಿಗೂ ನಾಲ್ಕು ಕೊಟ್ಟಳು. ಹೀಗೇ ಎರಡು ವರ್ಷ. ಈ ಸಲ ಒಂದು ದಿನವೂ ತಪ್ಪಿಸದೆ ಎರಡು ತಿಂಗಳು ನುಂಗಿದರೂ ಒಂದು ಉಂಗುರವೂ ಮಾಸಲಿಲ್ಲ. ಬಿಟ್ಟು ಬಿಟ್ಟು ನುಂಗಿ ರೋಗವನ್ನು ಮಾತ್ರೆಗೆ ಪಳಗಿಸಿಬಿಟ್ಟಿದ್ದೀರಿ, ಇನ್ನು ಇದು ನಾಟುವುದಿಲ್ಲ ಎಂದು ಡಾಕ್ಟರು ಹೋದ ಸೋಮವಾರ ಹೇಳಿದ್ದರು. ಬೇರೆ ಔಷಧಿ ಸಿಗುತ್ತದೋ ಇಲ್ಲವೋ ವಿಚಾರಿಸಬೇಕಂತೆ. ಅಲ್ಲಿಯವರೆಗೆ ಯಾರನ್ನೂ ಮೈಗೆ ತಾಕಿಸಿಕೊಳ್ಳಬಾರದಂತೆ.

ಮಗಳಿಗೆ ಇದೊಂದೂ ಗೊತ್ತಿರಲಿಲ್ಲ.

"ಊರ ಮಕ್ಕಳಿಗೆಲ್ಲ ಎರೆದೋಳು, ನನ್ ಕೂಸಿಗೆ ಯಾಕವ್ವ ಹಿಂಗೆ ಕುಂತೀಯ?"

ಹೋದ ಚಳಿಗಾಲದಲ್ಲಿ, ಅಂಜಿನಮ್ಮ ಕಾಲ ಮೇಲೆ ಹಾಕಿಕೊಂಡು ಎರೆಯುತ್ತಿದ್ದ ತೀರ್ಥಮ್ಮನ ಮೊಮ್ಮಗನ ಬೆನ್ನ ಮೇಲೆ ಒಂದು ಉಂಗುರ ಎದ್ದಿತ್ತು. ಉಷ್ಣ ಕಣ್ರೀ, ಹೋಗುತ್ತೆ ಎಂದು ಅಂಜಿನಮ್ಮನೇ ಸಮಾಧಾನ ಹೇಳಿ ಬಂದಿದ್ದಳು. ಅದು ಸುಳ್ಳೆಂದು ಹೇಳುವಾಗಲೇ ಅವಳಿಗೆ ಗೊತ್ತಿತ್ತು. ಅವಳು ಸೀರೆಯನ್ನು ಮೊಣಕಾಲವರೆಗೆ ಎತ್ತಿ ತೋರಿಸಿದಳು.

"ತೀರ್ಥಮ್ಮನ ಮೊಮ್ಮಗಂಗೆ ಅಂಟಿಸಿದ್ದೂ ನಾನೇ ಕಣೇ."

ಹುಲಿಗೆಮ್ಮ ಕೂಸನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಆ ಒಂದು ಹೆಜ್ಜೆಯನ್ನು ಅಂಜಿನಮ್ಮನಿಗೆ ತಡೆದುಕೊಳ್ಳಲಾಗಲಿಲ್ಲ. ಎದ್ದು ಹೊಸ್ತಿಲಾಚೆ ಹೋಗಿ ನಿಂತಳು.

ಹಸಿ ಬಾಣಂತಿ ಮಣೆಯನ್ನು ತೊಳೆದು, ನೋವಿಗೆ ಹಲ್ಲು ಕಚ್ಚಿ ಕೂತು ತಾನೇ ಕಾಲು ಚಾಚಿದಳು. ತಲೆ ಪಾದದ ಕಡೆಗಿರಲಿ, ಕಿವಿಗೆ ನೀರು ಹೋಗದ ಹಾಗೆ ಕೈ ಅಡ್ಡ ಹಿಡಿ ಎಂದು ಅಂಜಿನಮ್ಮ ಅಲ್ಲಿಂದಲೇ ಹೇಳಿಕೊಟ್ಟಳು. ಮೊದಲ ಚೊಂಬು ನೀರು ಬಿದ್ದದ್ದೇ ಕೂಸು ಕಿರುಚಿತು.

"ಮೂಗು ಮೆಲ್ಲಗೆ ತೀಡು," ಎಂದಳು ಅಂಜಿನಮ್ಮ. ಹೊಸ್ತಿಲಾಚೆ ಅವಳ ಹೆಬ್ಬೆರಳು, ತೋರುಬೆರಳು ಬರಿಗಾಳಿಯನ್ನು ಹಿಡಿದು ತೀಡುತ್ತಿದ್ದವು.