ಇಲ್ಲದ ಹದಿನಾರು ಪುಟ

ಮಧ್ಯಂತರಕ್ಕೆ ಮೊದಲೇ ನನಗೆ ಸಿಟ್ಟು ನೆತ್ತಿಗೇರಿತ್ತು. ನನ್ನ ಕಾದಂಬರಿಯೊಳಕ್ಕೆ ಆ ನಿರ್ದೇಶಕ ಯಾವನೋ ಅಂಚೆ ಕಚೇರಿಯವನನ್ನು ತಂದು ತುರುಕಿದ್ದ.

ನನ್ನ ಕಾದಂಬರಿ ಎಂದರೆ ನಾನು ಬರೆದದ್ದಲ್ಲ, ಒಂಬತ್ತನೇ ವಯಸ್ಸಿನಿಂದ ನಲವತ್ತು ಸಲವಾದರೂ ಓದಿದ್ದು. ಗಡಿಯಾಚೆ ಎರಡು ವರ್ಷ ಯಾರ ಕೈಗೂ ಸಿಗದೆ ಬದುಕಿದ ಗೂಢಚಾರನೊಬ್ಬ ಒಂದು ಬೆಳಿಗ್ಗೆ ಕ್ಷೌರದಂಗಡಿಯಲ್ಲಿ, ಗಡ್ಡ ಅರ್ಧ ಹೆರೆದಿರುವಾಗಲೇ ಸಿಕ್ಕಿಬೀಳುತ್ತಾನೆ. ಹೇಗೆ ಸಿಕ್ಕಿಬಿದ್ದ ಎಂದು ಕಾದಂಬರಿ ಹೇಳುವುದಿಲ್ಲ. ಹೇಳದಿರುವುದೇ ಅದರ ಸೊಗಸು ಎಂದು ಮೂವತ್ತನಾಲ್ಕು ವರ್ಷದಿಂದ ಕಂಡಕಂಡವರ ತಲೆ ತಿಂದಿದ್ದೇನೆ. ಹೆಚ್ಚಿನವರು ಅದನ್ನು ಓದಿರಲಿಲ್ಲ. ಓದಿದ್ದವರಿಗೂ, ನಾನು ಶುರು ಮಾಡಿದ ಮೇಲೆ, ಬಾಯಿ ಹಾಕಲು ಸಂದು ಸಿಗುತ್ತಿರಲಿಲ್ಲ.

ಸಿನಿಮಾದವರು ಆ ಸೊಗಸಿಗೆ ಮಣ್ಣು ಹಾಕಿದ್ದರು. ಕಾಗದ ವಿಂಗಡಿಸುವ ಒಬ್ಬ ಸಾಧು ಮನುಷ್ಯ ನೆರೆಯವನ ಲಕೋಟೆಗಳನ್ನು ಮನೆಗೆ ತರುತ್ತಾನೆ. ಕೆಟಲಿನ ಆವಿಗೆ ಹಿಡಿದು ಬಿಚ್ಚಿ, ಓದಿ, ಸಣ್ಣ ಡೈರಿಯಲ್ಲಿ ಬರೆದುಕೊಂಡು, ಮತ್ತೆ ಅಂಟಿಸುತ್ತಾನೆ. ಗೂಢಚಾರ ಸಿಕ್ಕಿಬೀಳುವುದು ಅವನಿಂದ. ನನ್ನ ಅಪ್ಪ ಮೂವತ್ತೈದು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದವನು. ಪೆನ್ಸಿಲನ್ನು ಎಡಗಿವಿಯ ಮೇಲೆ ಸಿಕ್ಕಿಸಿಕೊಳ್ಳುವುದು ಅವನ ರೂಢಿ. ಪರದೆಯ ಮೇಲಿನವನೂ ಹಾಗೇ ಸಿಕ್ಕಿಸಿಕೊಂಡಿದ್ದ. ಇಡೀ ಕಸುಬಿಗೇ ಮಸಿ ಬಳಿದರಲ್ಲ ಎಂದು ಹೊಟ್ಟೆ ಉರಿಯಿತು.

ಜೊತೆಗೆ ಬಂದಿದ್ದ ಕೌಂಟರಿನ ಅಕ್ಕನ ಮುಂದೆ ದಾರಿಯುದ್ದಕ್ಕೂ ಸಿನಿಮಾದವರನ್ನು ಬೈದುಕೊಂಡೇ ಬಂದೆ. ನಾವಿಬ್ಬರೂ ಒಂದೇ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇವೆ. ಅವಳು ಪುಸ್ತಕ ಕೊಡುತ್ತಾಳೆ, ಹಿಂದಿನ ಕೋಣೆಯಲ್ಲಿ ಕೂತು ಹರಿದದ್ದನ್ನು ನಾನು ಹೊಲಿದು ಅಂಟಿಸುತ್ತೇನೆ. ನನ್ನ ಮಾತು ಮುಗಿಯುವವರೆಗೆ ಕಾದು ಅವಳು ಮೆಲ್ಲಗೆ ಅಂದಳು: "ಅವನು ಪುಸ್ತಕದಲ್ಲೂ ಇದ್ದಾನಲ್ಲೇ. ಹೊಸ ಮುದ್ರಣ ಬಂದಿದೆಯಲ್ಲ, ಹೋದ ವಾರ ತಾನೇ ಓದಿದೆ."

ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನೀನು ಕನ್ನಡಕ ಬದಲಾಯಿಸು ಎಂದೆ. ಮಾರನೆಯ ದಿನ ಅವಳು ಹೊಸ ಪ್ರತಿಯನ್ನು ನನ್ನ ಮೇಜಿನ ಮೇಲೆ ತೆರೆದಿಟ್ಟು ಹೋದಳು. 'ವಿಂಗಡಣೆ' ಎಂಬ ಅಧ್ಯಾಯ. ನಾನು ಒಂದು ಸಲವೂ ಕಣ್ಣಲ್ಲಿ ಕಾಣದ ವಾಕ್ಯಗಳು. ನಿಂತೇ ಓದಿದೆ. ಸಿನಿಮಾದವರು ಕೂಡಿಸಿದ್ದು ಏನೂ ಇರಲಿಲ್ಲ.

ಸಂಜೆ ಮನೆಗೆ ಹೋದವಳೇ ನಮ್ಮ ಹಳೆಯ ಪ್ರತಿಯನ್ನು ಕಪಾಟಿನಿಂದ ತೆಗೆದೆ. ಕೆಲಸಕ್ಕೆ ಸೇರಿದ ಮೇಲೆ ಅದನ್ನು ಮುಟ್ಟಿರಲಿಲ್ಲ. ಬಾಯಿಪಾಠವಾದ ಪುಸ್ತಕವನ್ನು ತೆರೆಯುವುದೇಕೆ? ಈಗ ಮೊದಲ ಬಾರಿಗೆ ಕಸುಬಿನ ಕಣ್ಣಿನಿಂದ ನೋಡಿದೆ. ಪುಸ್ತಕವನ್ನು ಹದಿನಾರು ಹದಿನಾರು ಪುಟಗಳ ಕಂತೆಗಳಾಗಿ ಮಡಿಸಿ ಹೊಲಿಯುತ್ತಾರೆ. ಕಂತೆಗೆ ನಾವು ಫಾರಂ ಅನ್ನುತ್ತೇವೆ. ನೂರ ಎಪ್ಪತ್ತಾರನೆಯ ಪುಟಕ್ಕೆ ಒಂದು ಅಧ್ಯಾಯ ಮುಗಿಯುತ್ತದೆ, ಎದುರು ಪುಟದಲ್ಲಿ ಮುಂದಿನದು ಶುರುವಾಗುತ್ತದೆ. ಆ ಎದುರು ಪುಟದ ಸಂಖ್ಯೆ ನೂರ ತೊಂಬತ್ತಮೂರು. ನಡುವಿನ ಒಂದು ಫಾರಂ ಇಲ್ಲ. ಪರಿವಿಡಿಯ ಹಾಳೆಯೂ ಇಲ್ಲ. ಹರಿದದ್ದಲ್ಲ, ಬೆನ್ನು ಬಿಚ್ಚಿ ತೆಗೆದು, ಉಳಿದದ್ದನ್ನು ತಾಳ್ಮೆಯಿಂದ ಮತ್ತೆ ಹೊಲಿದಿದ್ದು. ಹೊಲಿದ ದಾರ ಯಾವ ಬೈಂಡರನದೂ ಅಲ್ಲ, ಅಂಚೆ ಕಚೇರಿಯಲ್ಲಿ ಕಾಗದದ ಕಟ್ಟು ಕಟ್ಟುವ ಕಂದು ಹುರಿ. ಆ ಹುರಿಯಲ್ಲೇ ನನ್ನ ಜಡೆ ಕಟ್ಟಿ ಶಾಲೆಗೆ ಕಳಿಸಿದ್ದೂ ಉಂಟು.

ಆ ಪುಸ್ತಕ ನಮ್ಮದಲ್ಲ, ಮಹಡಿ ಮೇಷ್ಟ್ರದು. ನಮ್ಮ ತಲೆಯ ಮೇಲಿನ ಮನೆಯಲ್ಲಿದ್ದ ಅವರು ಭೂಗೋಳ ಪಾಠ ಮಾಡುತ್ತಿದ್ದರು. ಅವರಿಗೆ ಹೊರದೇಶಗಳಿಂದ ಕಾಗದ ಬರುತ್ತಿತ್ತು. ಒಂದು ದಿನ ಕೆಳಗಿಳಿದು ಬಂದು, ಇದನ್ನು ಓದಿ, ನಿಮಗೆ ಹಿಡಿಸುತ್ತೆ ಎಂದು ಅಪ್ಪನ ಕೈಗೆ ಕಾದಂಬರಿ ಕೊಟ್ಟರು. ಬಾಗಿಲ ಹತ್ತಿರ ನಿಂತು ನಾನೇ ನೋಡಿದ್ದೇನೆ. ಅದಾದ ವಾರಕ್ಕೆ, ಹಾಡಹಗಲಲ್ಲಿ, ಇಬ್ಬರು ಬಂದು ಅವರನ್ನು ಕರೆದುಕೊಂಡು ಹೋದರು. ಚಪ್ಪಲಿ ಮೆಟ್ಟಿಕೊಳ್ಳಲೂ ಬಿಡಲಿಲ್ಲ. ಆ ಜೋಡು ಮೆಟ್ಟಿಲ ಬುಡದಲ್ಲಿ ತಿಂಗಳುಗಟ್ಟಲೆ ಬಿದ್ದಿತ್ತು. ಅವರ ಹೆಂಡತಿ ಮನೆ ಬಿಟ್ಟು ಹೋಗುವಾಗಲೂ ಅದನ್ನು ಎತ್ತಿಕೊಳ್ಳಲಿಲ್ಲ. ಮೇಷ್ಟ್ರು ಎಲ್ಲಿ ಹೋದರು ಎಂದು ನಾನು ದಿನಾ ಪೀಡಿಸುತ್ತಿದ್ದೆ. ಅಪ್ಪ ಉತ್ತರ ಹೇಳುವ ಬದಲು ಅವರ ಪುಸ್ತಕವನ್ನು ಓದಿ ಹೇಳಲು ಶುರು ಮಾಡಿದ.

ಹಳೆಯ ಪ್ರತಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾಗ ನಮ್ಮ ಕೆಟಲು ನೆನಪಾಯಿತು. ನನ್ನದೊಂದು ಸ್ಟಾಂಪಿನ ಆಲ್ಬಮ್ ಇತ್ತು. ಸ್ಟಾಂಪು ಬಿಡಿಸೋಣ ಬಾ ಎಂದು ಅಪ್ಪ ಲಕೋಟೆಗಳನ್ನು ಆವಿಗೆ ಹಿಡಿಯುತ್ತಿದ್ದ. ಕೆಲವುಗಳಿಂದ ಸ್ಟಾಂಪು ಬರುತ್ತಿತ್ತು. ಕೆಲವುಗಳಿಂದ ಏನೂ ಬರುತ್ತಿರಲಿಲ್ಲ, ಮುಚ್ಚಳ ಮಾತ್ರ ತೆರೆದುಕೊಳ್ಳುತ್ತಿತ್ತು. ಅವುಗಳ ಮುಚ್ಚಳಕ್ಕೆ ಅಂಟು ಬಳಿಯುವ ಕೆಲಸ ನನ್ನದು. ಸಣ್ಣ ಕುಂಚ, ಒಂದೇ ಎಳೆತ, ಅಂಚು ದಾಟಬಾರದು. ನಿನ್ನ ಕೈ ಬಹಳ ಚೊಕ್ಕ ಮಗಳೇ ಎಂದು ಅಪ್ಪ ಬೆನ್ನು ತಟ್ಟುತ್ತಿದ್ದ. ಆ ಒಂದು ಮಾತನ್ನು ನಂಬಿಯೇ ನಾನು ಈ ಕಸುಬಿಗೆ ಬಂದೆ.

ಭಾನುವಾರದವರೆಗೆ ಅಪ್ಪನಿಗೆ ಏನೂ ಹೇಳಲಿಲ್ಲ. ಅನ್ನ ಬಡಿಸಿದೆ, ಔಷಧಿ ಕೊಟ್ಟೆ, ಕಣ್ಣಿಗೆ ಹನಿ ಬಿಟ್ಟೆ. ಅವನ ಕಣ್ಣು ಮಂಜಾಗಿ ನಾಲ್ಕು ವರ್ಷವಾಯಿತು. ಅವನು ಕೆಟ್ಟವನಾಗಿದ್ದರೆ ಸುಲಭವಿತ್ತು. ತಾಯಿಯಿಲ್ಲದ ನನಗೆ ತಲೆ ಬಾಚಿ, ಜ್ವರ ಬಂದಾಗ ಎದೆಯ ಮೇಲೆ ಮಲಗಿಸಿಕೊಂಡ ಮನುಷ್ಯ ಅವನು. ಮೇಷ್ಟ್ರನ್ನು ಹಿಡಿಸಿದ್ದು ಅವನಲ್ಲ ಎಂದು ಯಾರಾದರೂ ಹೇಳಿದ್ದರೆ ಅವರ ಕಾಲಿಗೆ ಬೀಳುತ್ತಿದ್ದೆ. ಅವನೇ 'ಇಲ್ಲ' ಅಂದುಬಿಡಲಿ, ಸುಳ್ಳಾದರೂ ಸರಿ, ನಂಬಿಬಿಡುತ್ತೇನೆ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ನಾನು ಅವನಿಗೆ ಓದಿ ಹೇಳುವ ಹೊತ್ತು. ಸ್ನಾನ ಮಾಡಿ, ಕಿಟಕಿಯ ಕುರ್ಚಿಯಲ್ಲಿ ಒದ್ದೆ ತಲೆ ಒಣಗಿಸಿಕೊಳ್ಳುತ್ತಾ ಕೂತಿದ್ದ. ಕಾದಂಬರಿಯ ಹೊಸ ಮುದ್ರಣ ತಂದಿದ್ದೇನೆ, ಮೊದಲಿಂದ ಓದಲಾ ಎಂದೆ. ಸಿನಿಮಾ ನೋಡಬೇಡ, ಪುಸ್ತಕ ಕೆಟ್ಟುಹೋಗುತ್ತೆ ಎಂದು ತಡೆದಿದ್ದವನು ಅವನು. ಹೇಗಿತ್ತು ಎಂದು ಅಲ್ಲಿಯವರೆಗೆ ಕೇಳಿರಲಿಲ್ಲ. ಈಗ ಕೇಳಿದ.

"ಸಿನಿಮಾದಲ್ಲಿ ಆ ಅಂಚೆಯವನು ಇದ್ನಾ?"

ಕುಂಬಳಕಾಯಿ ಕಳ್ಳ ಎಂದು ಯಾರೂ ಅಂದಿರಲಿಲ್ಲ, ಅವನಾಗಿಯೇ ಹೆಗಲು ಮುಟ್ಟಿಕೊಂಡಿದ್ದ. ಇದ್ದ ಅಂದೆ. ಸ್ವಲ್ಪ ಹೊತ್ತು ಟವೆಲಿನಿಂದ ಕತ್ತು ಒರೆಸಿಕೊಂಡ.

"ಮೊದಲಿಂದ ಬೇಡ. ನಾನು ತೆಗೆದದ್ದನ್ನ ಓದು."

ಓದಿದೆ. ಮೊದಲ ಪುಟದಲ್ಲೇ ನನಗೆ ಸಾಲು ತಪ್ಪಿತು. ಬೆರಳಿಟ್ಟು ಸಾಲು ಹುಡುಕುವಷ್ಟರಲ್ಲಿ ಅಪ್ಪ ಮುಂದಿನ ವಾಕ್ಯ ಹೇಳಿದ. ಅದರ ಮುಂದಿನದನ್ನೂ ಹೇಳಿದ. ಒಂದು ಪದ ಆಚೀಚೆಯಾಗಲಿಲ್ಲ. ನಾನು ಓದುವುದನ್ನು ನಿಲ್ಲಿಸಿ ಪುಟದ ಮೇಲೆ ಕಣ್ಣಿಟ್ಟೆ. ಅವನು ಆ ಮಂಜುಗಣ್ಣು ಕಿಟಕಿಯತ್ತ ನೆಟ್ಟು, ಕಾಗದ ವಿಂಗಡಿಸುವ ಅದೇ ಸಮನಾದ ಗತಿಯಲ್ಲಿ ಹೇಳುತ್ತಾ ಹೋದ. ಇಡೀ ಪುಸ್ತಕ ನನಗೆ ಬಾಯಿಪಾಠ. ಅವನಿಗೆ ಬಾಯಿಪಾಠವಾಗಿದ್ದು ಆ ಹದಿನಾರು ಪುಟ. ನನಗೆ ಉಳಿದದ್ದನ್ನು ಓದಿ ಹೇಳಿ ಮಲಗಿಸಿ, ಅಷ್ಟು ವರ್ಷ ಇದನ್ನು ಒಬ್ಬನೇ ಓದಿಕೊಂಡಿದ್ದ.

ಅಧ್ಯಾಯದ ಕೊನೆಯಲ್ಲಿ ಆ ಮನುಷ್ಯ ಲಕೋಟೆಗೆ ಅಂಟು ಬಳಿಯುತ್ತಾನೆ. ಅಪ್ಪ ಅಲ್ಲಿ ನಿಂತ. ಇನ್ನೂ ಎರಡು ಸಾಲು ಉಳಿದಿತ್ತು.

"ಮೇಷ್ಟ್ರಿಗೆ ಗೊತ್ತಿತ್ತು ಮಗಳೇ. ಅದಕ್ಕೇ ಪುಸ್ತಕ ಕೊಟ್ಟರು. ಈ ಜಾಗದಲ್ಲಿ ಪೆನ್ಸಿಲಲ್ಲಿ ಗೆರೆ ಎಳೆದಿದ್ದರು."

ಇಲ್ಲ ಅನ್ನು ಎಂದು ಬೇಡಿಕೊಳ್ಳುವ ಹೊತ್ತು ಮೀರಿತ್ತು.

"ನನಗೋಸ್ಕರ ತೆಗೀಲಿಲ್ಲ. ನನ್ನನ್ನ ನೀನು ಹೇಗೂ ಒಂದಿನ ಕಂಡುಹಿಡೀತೀಯ ಅಂತ ಗೊತ್ತಿತ್ತು. ಇದರಲ್ಲಿ ಅಂಟು ಹಚ್ಚೋನು ಅವನೇ, ಪಕ್ಕದಲ್ಲಿ ಮಗು ಇಲ್ಲ. ಇದನ್ನ ಓದಿದ್ರೆ ನಿನಗೆ ನಿನ್ನ ಕುಂಚ ನೆನಪಾಗ್ತಿತ್ತು."

ಅವನು ಗಾಳಿಯಲ್ಲಿ ಕೈ ಚಾಚಿದ. ಕೊಡಬಾರದು ಎಂದುಕೊಂಡೆ, ಆದರೂ ಕೊಟ್ಟೆ. ಅಪ್ಪ ನನ್ನ ಬೆರಳುಗಳನ್ನು ಒಂದೊಂದಾಗಿ ಸವರಿದ. ಉಗುರ ಸಂದಿಯಲ್ಲಿ ಶನಿವಾರದ ಅಂಟು ಇನ್ನೂ ಒಣಗಿ ಕೂತಿತ್ತು.