ಕರೆಂಟ್ ಕಾರ್ಡಿನಲ್ಲಿದ್ದ ಹೆಸರು

ಮಾರಂಡಹಳ್ಳಿ ಪಕ್ಕದ ನಮ್ಮೂರಲ್ಲಿ ಕರೆಂಟ್ ಬಿಲ್ಲಿಗೆ ಹೆದರದ ಮನೆ ಕಡಿಮೆ. ನಮ್ಮ ಮನೆಯಲ್ಲಿ ಆ ಹೆದರಿಕೆ ಇನ್ನೂ ಹೆಚ್ಚು. ಮಗ ತಿಮ್ಮರಾಜು ಕಲ್ಲು ಕ್ವಾರಿಯ ಧೂಳು ಕುಡಿದು ಎದೆ ಕೆಡಿಸಿಕೊಂಡಿದ್ದಾನೆ. ಹಗಲೂ ರಾತ್ರಿ ಆಕ್ಸಿಜನ್ ಯಂತ್ರ ಓಡಬೇಕು.

ಒಂದು ದಿನ ಮಹಿಳಾ ಸಂಘದ ಪುಷ್ಪಾ ಬಂದಳು.

"ಚಿಕ್ಕಣ್ಣ ಮಾಮಾ, ತಾರ್ಸಿ ಮೇಲೆ ಸೋಲಾರ್ ಆಕ್ಸಿ. ಎರಡು ಕಿಲೋವ್ಯಾಟ್‌ಗೆ ಅರವತ್ತು ಸಾವ್ರ ಸಬ್ಸಿಡಿ ಐತೆ."

"ಬಿಸಿಲು ಕೊಡೋನು ದೇವ್ರು. ಅದಕ್ಕೆ ಸರ್ಕಾರ ಯಾಕಮ್ಮ ದುಡ್ಡು ಕೊಡ್ತದೆ?"

"ದೇವ್ರಿಗೆ ಕೊಡಾಕಿಲ್ಲ ಮಾಮಾ, ಪ್ಯಾನೆಲ್ ಆಕ್ಸಿದೋರ್ಗೆ ಕೊಡ್ತೈತೆ. ಮೊದ್ಲು ಬ್ಯಾಂಕ್ ಲೋನ್ ತಗೊಂಡು ಆಕ್ಸ್ಬೇಕು. ಆಫೀಸ್‌ನೋರು ಬಂದು ನೋಡಿದ್ಮೇಲೆ ಸಬ್ಸಿಡಿ ದುಡ್ಡು ಬತ್ತೈತೆ. ಮನೇಲಿ ಬಳಸಿ ಮಿಕ್ಕ ಕರೆಂಟ್ ಲೈನಿಗೋಗಿ ಬಿಲ್ಲಲ್ಲಿ ಕಳೀತೈತೆ. ಅದಿರ್ಲಿ, ಕರೆಂಟ್ ಬಿಲ್ ಬರೆಯೋ ಇ.ಬಿ. ಕಾರ್ಡ್ ಯಾರ ಎಸ್ರಲ್ಲೈತೆ?"

ಕಾರ್ಡು ನನ್ನ ಹೆಂಡತಿ ರಾಮಕ್ಕನ ಹೆಸರಿನಲ್ಲಿತ್ತು. ಅವಳು ದೇವರ ಪಾದ ಸೇರಿ ಎರಡು ವರ್ಷ. ರೇಷನ್ ಕಾರ್ಡಿನಿಂದ ಅವಳ ಹೆಸರು ತೆಗೆದ ದಿನ ನಾನು ಊಟ ಮಾಡಿರಲಿಲ್ಲ.

"ತೀರ್ಕೊಂಡೋರ ಎಸ್ರಲ್ಲಿ ಸಬ್ಸಿಡಿ ಕೊಡಾಕಿಲ್ಲ, ಎಸ್ರು ಬದಲಾಯಿಸ್ಬೇಕು ಮಾಮಾ. ಡೆತ್ ಸರ್ಟಿಫಿಕೇಟು, ವಾರಿಸು ಸರ್ಟಿಫಿಕೇಟು ತಗೊಳ್ಳಿ. ನಾನೂ ಆಫೀಸ್‌ಗೆ ಬತ್ತೀನಿ."

"ಅವಳ ಎಸ್ರು ಉಳಿದಿರೋದು ಇದೊಂದೇ ಕಡೆ. ಅದನ್ನೂ ನನ್ ಕೈಯಾರೆ ಅಳಿಸ್ಲಾ? ಬ್ಯಾಡ, ಓಗಮ್ಮ."

ನಾಲ್ಕು ತಿಂಗಳು ಹೀಗೇ ಕಳೆದವು. ಒಂದು ಮಧ್ಯಾಹ್ನ ಗುಡಿಯಿಂದ ಬಂದರೆ ಮನೆಯಲ್ಲಿ ಯಂತ್ರದ ಸದ್ದಿಲ್ಲ. ತಿಮ್ಮರಾಜು ತುಟಿ ನೀಲಿಗಟ್ಟಿ ಗೋಡೆಗೆ ಒರಗಿದ್ದ. ಸೊಸೆ ರೋಜಾ ಓಡಿ ಬಂದು ಸ್ವಿಚ್ ಒತ್ತಿದಳು.

"ಕರೆಂಟ್ ಓಗಿತ್ತಾ?" ಎಂದೆ.

"ಇಲ್ಲ ಮಾವ. ಬಿಲ್ ಕಮ್ಮಿಯಾಗ್ಲಿ ಅಂತ ದಿನಾ ಎರಡು ಗಂಟೆ ಅವ್ರೇ ಆಫ್ ಮಾಡ್ತಾರೆ. ನಿಮ್ಗೆ ಏಳ್ಬ್ಯಾಡ ಅಂದಿದ್ರು."

ಮಗ ಉಸಿರು ಕೂಡಿಸಿಕೊಂಡು ನಕ್ಕ. "ಅಮ್ಮನ್ ಎಸ್ರಿನ ಬಿಲ್ಲಲ್ವಾ ಅಪ್ಪಾ. ಜಾಸ್ತಿ ಬಂದ್ರೆ ಬೈತಾಳೆ."

ಮರುದಿನವೇ ಪುಷ್ಪಾಳ ಜೊತೆ ಹೋಗಿ ಅರ್ಜಿಗೆ ರುಜು ಹಾಕಿದೆ. ಹೆಸರು ಬದಲಾಯಿತು, ಪ್ಯಾನೆಲ್ ಬಂತು, ಸಬ್ಸಿಡಿಯೂ ನನ್ನ ಖಾತೆಗೆ ಬಂತು. ಈಗ ಬಿಲ್ಲಿಗೆ ಹೆದರಿ ಯಾರೂ ಯಂತ್ರ ನಿಲ್ಲಿಸುವುದಿಲ್ಲ. ಆದರೆ ಆ ನಾಲ್ಕು ತಿಂಗಳಲ್ಲಿ ಮಗನ ಎದೆ ಇನ್ನಷ್ಟು ಸೋತಿತು. ಬಾಗಿಲವರೆಗೆ ನಡೆಯುತ್ತಿದ್ದವನು ಈಗ ನಡೆಯಲಾರ. ಆ ತಪ್ಪು ನನ್ನದು.

ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಇವತ್ತೇ ನಿಮ್ಮ ಮನೆಯ ಕರೆಂಟ್ ಕಾರ್ಡು ತೆಗೆದು ನೋಡಿ. ಅದರಲ್ಲಿ ತೀರಿಕೊಂಡವರ ಹೆಸರಿದ್ದರೆ ಮೊದಲು ಬದಲಾಯಿಸಿ, ಆಮೇಲೆ ಸೋಲಾರ್‌ಗೆ ಅರ್ಜಿ ಹಾಕಿ. ಹೋದವರನ್ನು ದೇವರು ನೋಡಿಕೊಳ್ಳುತ್ತಾನೆ. ಇರುವವರನ್ನು ನಾವು ನೋಡಿಕೊಳ್ಳಬೇಕು.